ಹದಿನಾರು ಅಂಕಣದ ಮನೆ



ನಮ್ಮ ಕಡೆ ಮನೆಯ ಅಳತೆಯನ್ನು ಅಂಕಣದಲ್ಲಿ ಹೇಳುತ್ತಾರೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಹೆಣ್ಣು ಕೊಡುವವರು 'ಮನೆ ಎಷ್ಟಂಕಣದ್ದು?' ಎಂದು ವಿಚಾರಿಸುವುದನ್ನು ನಿಮ್ಮಲ್ಲಿ ಹಿರಿಯರಾದವರು ಕೇಳಿರುತ್ತೀರಿ. ಈ ಹೊತ್ತು ನಾನು ನಿಮಗೆ ಹದಿನಾರು ಅಂಕಣದ ಒಂದು ಮನೆಯ ಕಥೆ ಹೇಳಬೇಕೆಂದಿದ್ದೇನೆ. ಇದು ಕಲ್ಲು ಮಣ್ಣಿನ ಮನೆಯಲ್ಲ. ಗಣಕಯಂತ್ರದ ಒಳಗಿನ ನೆನಪಿನ ಮನೆ. ಇದನ್ನು 1981ರಲ್ಲಿ ಅಮೆರಿಕದಲ್ಲಿ ಕಟ್ಟಿದರು. ಹದಿನಾರರಲ್ಲಿ ಹತ್ತು ಅಂಕಣ ಒಕ್ಕಲಿಗೆ, ಆರು ಅಂಕಣ ಯಜಮಾನನಿಗೆ ಎಂದು ನಡುವೆ ಒಂದು ಗೋಡೆ ಎಬ್ಬಿಸಿದರು. ಆ ಗೋಡೆಯಿಂದ ಪಾರಾಗಲು ಜಗತ್ತಿನ ಜಾಣರಿಗೆಲ್ಲ ಹದಿನೈದು ವರ್ಷ ಹಿಡಿಯಿತು. ಯಾಕೆ ಹಾಗಾಯಿತು, ಅದರಿಂದ ನಮ್ಮಂಥವರ ಮೇಲೆ ಏನು ಬಿತ್ತು ಎಂಬುದೇ ಇಂದಿನ ಮಾತು.

ನಾನು ಇಂಜಿನಿಯರ್ ಅಲ್ಲ. ಮೆಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ಅಲ್ಲೇ ನಿವೃತ್ತನಾದವನು. ಆದ್ದರಿಂದ ಲೆಡ್ಜರಿನ ಮಾತಿನಲ್ಲಿಯೇ ಹೇಳುತ್ತೇನೆ.

ಲೆಡ್ಜರಿನಲ್ಲಿ ಪ್ರತಿ ಪುಟಕ್ಕೂ ಒಂದು ಅಂಕಿ ಇರುತ್ತದೆ. ಪುಟದ ಅಂಕಿ ಬರೆಯಲು ನಾಲ್ಕೇ ಮನೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಆಗ 9999ರ ಆಚೆಗೆ ನೀವು ಎಷ್ಟೇ ಕಾಗದ ಹೊಲಿದರೂ ಪ್ರಯೋಜನವಿಲ್ಲ. ಪುಟ ಇದ್ದರೂ ಅದನ್ನು ಕರೆಯಲು ಅಂಕಿ ಇಲ್ಲ. ಗಣಕಯಂತ್ರದ ನೆನಪೂ ಹೀಗೆಯೇ. ಒಂದು ಇಂಗ್ಲಿಷ್ ಅಕ್ಷರ ಹಿಡಿಸುವಷ್ಟು ಜಾಗಕ್ಕೆ ಒಂದು ಬೈಟು ಎನ್ನುತ್ತಾರೆ. ಪ್ರತಿ ಬೈಟಿಗೂ ಒಂದು ವಿಳಾಸ. ಆ ವಿಳಾಸವನ್ನು ಹೊತ್ತೊಯ್ಯುವ ತಂತಿಗಳು ಎಷ್ಟಿವೆಯೋ ಅಷ್ಟರ ಮೇಲೆ ನೆನಪಿನ ಗಡಿ ನಿಲ್ಲುತ್ತದೆ. ಒಂದು ತಂತಿ ಹೆಚ್ಚಿದರೆ ಜಾಗ ಇಮ್ಮಡಿ.

1974ರಲ್ಲಿ ಇಂಟೆಲ್ ಕಂಪನಿ ಹೊರತಂದ 8080 ಎಂಬ ಚಿಪ್ಪಿಗೆ ಇಂಥ ತಂತಿಗಳು 16 ಇದ್ದವು. ಎರಡನ್ನು ಹದಿನಾರು ಸಲ ಗುಣಿಸುತ್ತ ಹೋದರೆ 65,536 ಬರುತ್ತದೆ. ಇದಕ್ಕೇ 64 ಕೆಬಿ ಎನ್ನುವುದು. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಗ್ಯಾರಿ ಕಿಲ್ಡಾಲ್ ಎಂಬುವರು ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆದರು. ಕಾರ್ಯಾಚರಣಾ ವ್ಯವಸ್ಥೆ ಎಂದರೆ ಯಂತ್ರದ ಮನೆವಾರ್ತೆ ನೋಡುವ ಕಾರಭಾರಿ. ಕೀಲಿಮಣೆಯಿಂದ ಬಂದದ್ದನ್ನು ಒಳಗೆ ಕಳಿಸುವುದು, ತಟ್ಟೆಯಲ್ಲಿ ಬರೆದಿಟ್ಟದ್ದನ್ನು ತೆಗೆದು ಕೊಡುವುದು, ಪರದೆಗೆ ಅಕ್ಷರ ಹಚ್ಚುವುದು, ಎಲ್ಲ ಅದರ ಕೆಲಸ. ಕಿಲ್ಡಾಲರ ಕಾರಭಾರಿ ಬಹಳ ಮಿತವ್ಯಯದವನು. ತಾನು ಆ 64 ಕೆಬಿಯ ಮೇಲ್ತುದಿಯಲ್ಲಿ ಒಂದು ಮೂಲೆ ಹಿಡಿದು ಕೂತು, ಕೆಳಗಿನ ಜಾಗವನ್ನೆಲ್ಲ ಕೆಲಸದ ಪ್ರೋಗ್ರಾಮುಗಳಿಗೆ ಬಿಟ್ಟುಕೊಡುತ್ತಿದ್ದ. ಆಗಿನ ಪತ್ರ ಬರೆಯುವ ಪ್ರೋಗ್ರಾಮು, ಲೆಕ್ಕದ ಪ್ರೋಗ್ರಾಮು ಎಲ್ಲ ಆ ಜಾಗದಲ್ಲೇ ಸಂಸಾರ ಮಾಡಿದವು.

1978ರಲ್ಲಿ ಇಂಟೆಲ್ 8086 ಎಂಬ ಚಿಪ್ಪನ್ನೂ, ಮರುವರ್ಷ ಅದರ ಅಗ್ಗದ ತಮ್ಮ 8088 ಅನ್ನೂ ತಂದಿತು. ಇವಕ್ಕೆ ವಿಳಾಸದ ತಂತಿಗಳು 20. ಅಂದರೆ 10,48,576 ಬೈಟು, ಒಂದು ಎಂಬಿ. ಹಳೆಯದರ ಹದಿನಾರು ಪಟ್ಟು. ಆದರೆ ಇಲ್ಲೊಂದು ತೊಡಕಿತ್ತು. ಚಿಪ್ಪಿನೊಳಗೆ ಅಂಕಿ ಬರೆದಿಡುವ ಮನೆಗಳು ಮಾತ್ರ 16ರ ಅಳತೆಯವೇ. ಇಪ್ಪತ್ತರ ವಿಳಾಸವನ್ನು ಹದಿನಾರರ ಮನೆಯಲ್ಲಿ ಬರೆಯುವುದು ಹೇಗೆ? ಅದಕ್ಕೆ ಅವರು ಎರಡು ಅಂಕಿಗಳ ಉಪಾಯ ಹೂಡಿದರು. ಮೊದಲನೆಯ ಅಂಕಿಯನ್ನು 16ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿದರೆ ನಿಜವಾದ ವಿಳಾಸ. ನಾವು 'ಹನುಮಪ್ಪನ ಗುಡಿಯಿಂದ ಐದನೆಯ ಮನೆ' ಎನ್ನುವುದಿಲ್ಲವೇ, ಹಾಗೆ. ಅದೇ ಮನೆಯನ್ನು ಇನ್ನೊಬ್ಬರು 'ಹಿಟ್ಟಿನ ಗಿರಣಿಯಿಂದ ಮೂರನೆಯದು' ಎಂದೂ ಹೇಳಬಹುದು. ಈ ಯಂತ್ರದಲ್ಲಿ ಒಂದೇ ಜಾಗವನ್ನು ಹೀಗೆ 4096 ರೀತಿಯಲ್ಲಿ ಹೇಳಬಹುದಿತ್ತು. ಪ್ರೋಗ್ರಾಮು ಬರೆಯುವವರಿಗೆ ತಲೆಬೇನೆ. ಆದರೆ ಕೆಲಸ ನಡೆಯಿತು.

ಈಗ ಗೋಡೆಯ ವಿಷಯಕ್ಕೆ ಬರೋಣ. ಐಬಿಎಂ ಕಂಪನಿ 1981ರ ಆಗಸ್ಟ್ 12ರಂದು ತನ್ನ ಪರ್ಸನಲ್ ಕಂಪ್ಯೂಟರನ್ನು ಜನರ ಮುಂದಿಟ್ಟಿತು. ಅದರಲ್ಲಿದ್ದುದು 8088 ಚಿಪ್ಪು. ಒಂದು ಎಂಬಿಯ ಮನೆಯನ್ನು 64 ಕೆಬಿಯ ಹದಿನಾರು ಅಂಕಣಗಳೆಂದು ಭಾವಿಸಿದರೆ, ಕೆಳಗಿನ ಹತ್ತು ಅಂಕಣ ಪ್ರೋಗ್ರಾಮುಗಳಿಗೆ. ಇದೇ 640 ಕೆಬಿ. ಮೇಲಿನ ಆರು ಅಂಕಣ, ಅಂದರೆ 384 ಕೆಬಿ, ಪರದೆಯ ಚಿತ್ರಕ್ಕೆ, ಮೇಲೆ ಚುಚ್ಚುವ ಕಾರ್ಡುಗಳಿಗೆ ಮತ್ತು ಯಂತ್ರದ ಕಾಯಂ ಪಾಠ ಇರುವ ಚಿಪ್ಪಿಗೆ ಎಂದು ಕಾದಿರಿಸಿದರು.

ಹೀಗೆ ಮಾಡಿದವರು ದಡ್ಡರೇ? ಅಲ್ಲ. ಆ ದಿನ ಮಾರಿದ ಎಲ್ಲಕ್ಕಿಂತ ಅಗ್ಗದ ಯಂತ್ರದಲ್ಲಿ ಇದ್ದ ನೆನಪೇ 16 ಕೆಬಿ. ಸಿಪಿ/ಎಂ ಕಾಲದ ಶ್ರೀಮಂತರು ಕಂಡಿದ್ದು 64 ಕೆಬಿ. ಅದರ ಹತ್ತು ಪಟ್ಟು ಜಾಗ ಬಿಟ್ಟಿದ್ದರು. 640 ಕೆಬಿ ಎಂದರೆ 6,55,360 ಅಕ್ಷರ; ಒಂದು ಪುಟಕ್ಕೆ ಎರಡು ಸಾವಿರ ಅಕ್ಷರ ಹಿಡಿದರೆ ಮುನ್ನೂರು ಪುಟದ ಮೇಲೆ ಒಂದು ಇಂಗ್ಲಿಷ್ ಪುಸ್ತಕ ಯಂತ್ರದ ತಲೆಯಲ್ಲಿ ಕೂರುತ್ತದೆ. ಅವತ್ತಿನ ಕಣ್ಣಿಗೆ ಅದು ಜಮೀನ್ದಾರಿಯೇ ಸರಿ.

ಈ ಯಂತ್ರಕ್ಕೆ ಕಾರಭಾರಿಯನ್ನು ಒದಗಿಸಿದ್ದು ಮೈಕ್ರೋಸಾಫ್ಟ್. ಅದು ಆ ವ್ಯವಸ್ಥೆಯನ್ನು ತಾನಾಗಿ ಬರೆದದ್ದಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಚಿಕ್ಕ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಎಂಬ ತರುಣ 1980ರಲ್ಲಿ ಬರೆದಿದ್ದ. ಸಿಪಿ/ಎಂ ಬರುವುದು ತಡವಾಗುತ್ತಿದ್ದ ಕಾರಣ ಅವಸರದಲ್ಲಿ ಬರೆದ ವ್ಯವಸ್ಥೆ ಅದು. ಮೊದಲು ಅದಕ್ಕೆ ಇದ್ದ ಹೆಸರೇ 'ತರಾತುರಿಯ, ಕಸಬರಿಗೆ ತಾಗದ ವ್ಯವಸ್ಥೆ' ಎಂಬರ್ಥದ ತಮಾಷೆಯ ಹೆಸರು, ಕ್ಯೂಡಾಸ್. 1981ರಲ್ಲಿ ಮೈಕ್ರೋಸಾಫ್ಟ್ ಅದರ ಹಕ್ಕನ್ನೆಲ್ಲ ಕೊಂಡುಕೊಂಡಿತು. ಐಬಿಎಂ ಅದನ್ನು ಪಿಸಿ ಡಾಸ್ ಎಂದು ಮಾರಿತು. ಬೇರೆಯವರಿಗೆ ಅದೇ ಎಂಎಸ್ ಡಾಸ್ ಆಯಿತು.

640 ಕೆಬಿ ಯಾರಿಗಾದರೂ ಸಾಕು ಎಂದು ಬಿಲ್ ಗೇಟ್ಸ್ ಹೇಳಿದ್ದರೆಂಬ ಮಾತು ಊರೂರು ಸುತ್ತಿದೆ. ತಾವು ಹಾಗೆ ಹೇಳಲೇ ಇಲ್ಲ ಎಂದು ಅವರು ಹೇಳಿದ್ದಾರೆ. ಹೇಳಿದ್ದಕ್ಕೆ ದಾಖಲೆಯನ್ನೂ ಯಾರೂ ತೋರಿಸಿಲ್ಲ. ನಿಜ ನೋಡಿದರೆ ಈ ಗೋಡೆ ಡಾಸಿನದೂ ಅಲ್ಲ. ಆ ಕಾಲದ ವಿಕ್ಟರ್ 9000 ಎಂಬ ಬೇರೆ ಯಂತ್ರದಲ್ಲಿ ಇದೇ ಡಾಸ್ 896 ಕೆಬಿವರೆಗೂ ಬಳಸಿಕೊಳ್ಳಬಲ್ಲದಾಗಿತ್ತು. ಗೋಡೆ ಇದ್ದದ್ದು ಐಬಿಎಂ ಹಾಕಿದ ಮನೆಯ ನಕ್ಷೆಯಲ್ಲಿ.

ಹಾಗಾದರೆ ಮರುವರ್ಷವೇ ಆ ಗೋಡೆಯನ್ನು ಸರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸರಿಸಲಾಗಲಿಲ್ಲ. ಪರದೆಗೆ ಅಕ್ಷರ ಹಚ್ಚುವುದು ಕಾರಭಾರಿಯ ಕೆಲಸ ಎಂದೆನಷ್ಟೆ. ಆದರೆ ಅವನ ಕೈ ನಿಧಾನ. ಆದ್ದರಿಂದ ಪ್ರೋಗ್ರಾಮು ಬರೆಯುವವರು ಅವನನ್ನು ಬದಿಗಿಟ್ಟು, ಮೇಲಿನ ಅಂಕಣದಲ್ಲಿದ್ದ ಪರದೆಯ ನೆನಪಿಗೆ ನೇರವಾಗಿ ತಾವೇ ಬರೆಯತೊಡಗಿದರು. ಸಾವಿರಾರು ಪ್ರೋಗ್ರಾಮುಗಳಲ್ಲಿ ಆ ವಿಳಾಸ ಕಲ್ಲಿನಲ್ಲಿ ಕೆತ್ತಿದಂತೆ ಕೂತಿತು. ಗೋಡೆ ಸರಿಸಿದರೆ ಜನ ದುಡ್ಡು ಕೊಟ್ಟು ಕೊಂಡ ಪ್ರೋಗ್ರಾಮುಗಳೆಲ್ಲ ನಿಂತುಹೋಗುತ್ತಿದ್ದವು. ಗೋಡೆಯ ಎರಡೂ ಬದಿಗೆ ಸಂಸಾರ ಹೂಡಿದ ಮೇಲೆ ನಕ್ಷೆ ಬದಲಿಸುವುದು ಎಂಥ ಕಷ್ಟವೆಂದು ಗಡಿಯ ಊರಿನವರಿಗೆ ಬೇರೆ ಹೇಳಬೇಕಿಲ್ಲ.

ಹಸಿವು ಮಾತ್ರ ಬೆಳೆಯಿತು. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕದ ಹಾಳೆಯನ್ನು ಕಂಪನಿಗಳ ಗುಮಾಸ್ತರು ಬಹಳ ಹಚ್ಚಿಕೊಂಡರು. ಅಡ್ಡ ಸಾಲು ಉದ್ದ ಸಾಲುಗಳ ಆ ಹಾಳೆ ಪೂರ್ತಿ ನೆನಪಿನಲ್ಲಿಯೇ ಕೂರಬೇಕು. ವರ್ಷದ ಜಮಾಖರ್ಚು ಏರಿಸುತ್ತ ಹೋದಂತೆ 'ನೆನಪು ತುಂಬಿತು' ಎಂದು ಯಂತ್ರ ಕೈ ಎತ್ತುತ್ತಿತ್ತು.

ಆಗ 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಮೂವರೂ ಕೂಡಿ ಒಂದು ಉಪಾಯ ಕಂಡುಹಿಡಿದರು. ಅದನ್ನು ಹಗೇವು ಎನ್ನೋಣ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಅಲ್ಲಿ ಎಷ್ಟೇ ಚೀಲ ಇರಲಿ, ರೊಟ್ಟಿಗೆ ಬೇಕಾದ ಜೋಳವನ್ನು ಮೇಲೆ ತರಲೇಬೇಕು. ಹೀಗೆಯೇ ಯಂತ್ರಕ್ಕೆ ಬೇರೆ ಕಾರ್ಡಿನಲ್ಲಿ ಹಲವು ಎಂಬಿ ನೆನಪು ಕೂಡಿಸಿ, ಮೇಲಿನ ಆರು ಅಂಕಣಗಳಲ್ಲಿ ಖಾಲಿ ಇದ್ದ ಒಂದು ಅಂಕಣದಲ್ಲಿ 16 ಕೆಬಿಯ ನಾಲ್ಕು ಬುಟ್ಟಿ ಇಟ್ಟರು. ಬೇಕಾದ ತುಂಡನ್ನು ಬುಟ್ಟಿಗೆ ಬರಿಸಿಕೊಳ್ಳುವುದು, ಕೆಲಸ ಮುಗಿದೊಡನೆ ಇನ್ನೊಂದನ್ನು ತರಿಸುವುದು. ಇದಕ್ಕೆ ಬ್ಯಾಂಕ್ ಸ್ವಿಚಿಂಗ್ ಎನ್ನುತ್ತಾರೆ. ಈ ಹೆಸರು ಓದಿ ನನಗೆ ನಗು ಬಂತು. ಮೇಜಿನ ಮೇಲೆ ನಾಲ್ಕು ಲೆಡ್ಜರು, ಉಳಿದವು ಕಪಾಟಿನಲ್ಲಿ, ಸಿಪಾಯಿ ತಂದಿಟ್ಟು ಒಯ್ಯುವುದು. ನಾವು ದಿನಾಲು ಮಾಡುತ್ತಿದ್ದ ಕೆಲಸವೇ ಅದು.

ಅಷ್ಟರಲ್ಲಿ 1984ರಲ್ಲಿ ಐಬಿಎಂ 80286 ಚಿಪ್ಪಿನ ಎಟಿ ಎಂಬ ಯಂತ್ರ ತಂದಿತ್ತು. ಅದಕ್ಕೆ 24 ತಂತಿ, 16 ಎಂಬಿ ಜಾಗ. ಆದರೆ ಹಳೆಯ ಪ್ರೋಗ್ರಾಮುಗಳಿಗಾಗಿ ಅದು ಹಳೆಯ 8086ರ ವೇಷ ಹಾಕಬೇಕು. ವೇಷದಲ್ಲಿದ್ದಾಗ ಮತ್ತೆ ಒಂದೇ ಎಂಬಿ. ವೇಷ ಕಳಚಿ ದೊಡ್ಡ ಮನೆಗೆ ಹೋದರೆ ತಿರುಗಿ ವೇಷ ಹಾಕಲು ದಾರಿಯೇ ಇಲ್ಲ. ಚಿಪ್ಪನ್ನು ಮೊದಲಿನಿಂದ ಚಾಲೂ ಮಾಡಬೇಕು. ಆ ಕೆಲಸವನ್ನು ಎಟಿ ಯಂತ್ರದಲ್ಲಿ ಯಾರಿಗೆ ವಹಿಸಿದ್ದರು ಗೊತ್ತೇ? ಕೀಲಿಮಣೆ ನೋಡಿಕೊಳ್ಳುವ ಚಿಕ್ಕ ಚಿಪ್ಪಿಗೆ! ಅದರಲ್ಲಿ ಕಾಲು ಖಾಲಿ ಇದ್ದವಂತೆ.

ಅದೇ ಚಿಕ್ಕ ಚಿಪ್ಪಿನ ಕೈಗೆ ಇನ್ನೊಂದು ಬೀಗವನ್ನೂ ಕೊಟ್ಟಿದ್ದರು. ಎರಡು ಅಂಕಿಗಳ ವಿಳಾಸದ ಲೆಕ್ಕ ಹೇಳಿದೆನಲ್ಲ, ಅದರಲ್ಲಿ ಎರಡನ್ನೂ ತುದಿಗೆ ಏರಿಸಿದರೆ ಒಂದು ಎಂಬಿಯ ಆಚೆಗೆ 65,520 ಬೈಟು ಹೋಗುತ್ತದೆ. ಹಳೆಯ ಚಿಪ್ಪಿನಲ್ಲಿ ಇಪ್ಪತ್ತೊಂದನೆಯ ತಂತಿ ಇಲ್ಲದ್ದರಿಂದ ಆ ವಿಳಾಸ ಸುತ್ತಿಕೊಂಡು ಸೊನ್ನೆಗೆ ಬರುತ್ತಿತ್ತು. ಕೆಲವು ಪ್ರೋಗ್ರಾಮುಗಳು ಹಾಗೆ ಸುತ್ತಿ ಬರುವುದನ್ನೇ ನಂಬಿದ್ದವು. ಹೊಸ ಚಿಪ್ಪಿನಲ್ಲಿ ಅದು ನಿಜವಾಗಿಯೂ ಆಚೆ ಹೋದೀತೆಂದು ಆ ತಂತಿಗೆ ಬೀಗ ಹಾಕಿದರು. ಮುಂದೆ ಅದೇ ಬೀಗ ತೆಗೆದು, ಆ 65,520 ಬೈಟನ್ನು ಮನೆಯ ಅಟ್ಟದಂತೆ ಬಳಸಿಕೊಂಡರು. 1991ರ ಜೂನ್ ತಿಂಗಳಲ್ಲಿ ಬಂದ ಡಾಸ್ 5 ತನ್ನ ದೊಡ್ಡ ಭಾಗವನ್ನು ಆ ಅಟ್ಟಕ್ಕೇರಿಸಿ, ಕೆಳಗೆ ಒಕ್ಕಲಿಗೆ ಜಾಗ ಬಿಟ್ಟುಕೊಟ್ಟಿತು.

ಇಂಟೆಲ್ 1985ರಲ್ಲಿಯೇ 80386 ಚಿಪ್ಪನ್ನು ತಂದಿತ್ತು. ತಂತಿ 32, ಜಾಗ 4 ಜಿಬಿ. ಮನೆ ಊರಿನಷ್ಟಾಯಿತು, ಆದರೂ ಡಾಸಿನ ಪ್ರೋಗ್ರಾಮು 640ರಲ್ಲಿಯೇ ನರಳುತ್ತಿತ್ತು. ಮೌಸಿನ ಪ್ರೋಗ್ರಾಮು, ಮುದ್ರಣದ ಪ್ರೋಗ್ರಾಮು, ಜಾಲದ ಪ್ರೋಗ್ರಾಮು ಎಂದು ಒಂದೊಂದೂ ಜಗಲಿ ಹಿಡಿದು ಕೂತು, ನಿಜವಾದ ಕೆಲಸಕ್ಕೆ 500 ಕೆಬಿ ಉಳಿದರೆ ಪುಣ್ಯ. ಕಾನ್ಫಿಗ್ ಡಾಟ್ ಸಿಸ್ ಎಂಬ ಕಡತದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಸಾಲು ಬದಲಿಸಿ, ಯಂತ್ರ ಆರಿಸಿ ಹಚ್ಚಿ, ಹತ್ತು ಕೆಬಿ ಉಳಿಸಿದವನು ಕಚೇರಿಯಲ್ಲಿ ದೊಡ್ಡ ಮನುಷ್ಯ.

ಈಗ ನಮ್ಮ ಊರಿಗೆ ಬರುತ್ತೇನೆ.

ನಮ್ಮ ದೇಶದ ಬ್ಯಾಂಕುಗಳಲ್ಲಿ ಯಂತ್ರ ತರುವ ಬಗ್ಗೆ 1983ರಲ್ಲಿ ನೌಕರರ ಸಂಘಗಳಿಗೂ ಆಡಳಿತದವರಿಗೂ ಒಪ್ಪಂದವಾಯಿತು. 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟಿತು. ಆಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ನನ್ನ ಶಾಖೆಗೂ ಒಂದು ಬಂತು. ಅದರ ಪ್ರೋಗ್ರಾಮಿನಲ್ಲಿ ಖಾತೆದಾರರ ಹೆಸರಿಗೆ ಕೊಟ್ಟದ್ದು 24 ಇಂಗ್ಲಿಷ್ ಅಕ್ಷರ. ಇದಕ್ಕೆ 640ರ ಗೋಡೆಯೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಆ ಕಾಲದಲ್ಲಿ ಪ್ರೋಗ್ರಾಮು ಬರೆಯುವವರೆಲ್ಲ ಬೈಟು ಬೈಟಿಗೂ ಕೈ ಬಿಗಿ ಹಿಡಿಯುತ್ತಿದ್ದರು. ವರ್ಷದ ನಾಲ್ಕು ಅಂಕಿಯಲ್ಲಿ ಎರಡನ್ನು ಕೈಬಿಟ್ಟಿದ್ದೂ ಅದೇ ಜಿಪುಣತನದಿಂದ. 2000ನೆಯ ಇಸವಿ ಹತ್ತಿರ ಬಂದಾಗ ಜಗತ್ತೆಲ್ಲ ಅದನ್ನು ತಿದ್ದುತ್ತ ಕೂತಿದ್ದು ನಿಮಗೆ ನೆನಪಿರಬಹುದು.

ನಮ್ಮ ಗಡಿಯ ಈ ಬದಿಯಲ್ಲಿ ಕಾಗದಪತ್ರದ ಹೆಸರು ಹೇಗಿರುತ್ತದೆ? ಮೊದಲು ತನ್ನ ಹೆಸರು, ನಡುವೆ ತಂದೆಯ ಅಥವಾ ಗಂಡನ ಹೆಸರು, ಕಡೆಗೆ ಅಡ್ಡಹೆಸರು. ಉದಾಹರಣೆಗೆ ಮಹಾದೇವಿ ಶಿವಲಿಂಗಪ್ಪ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಎಂಟು ಅಕ್ಷರ, ಒಂದು ತೆರಪು, ಹದಿಮೂರು ಅಕ್ಷರ, 22 ಮುಗಿಯಿತು. ಇನ್ನೊಂದು ತೆರಪು ಬಿಟ್ಟರೆ ಅಡ್ಡಹೆಸರಿನ ಒಂದೇ ಅಕ್ಷರಕ್ಕೆ ಜಾಗ. ಎರಡು ಬೇರೆ ಮನೆತನದ, ಒಂದೇ ಹೆಸರಿನ, ಗಂಡನ ಹೆಸರೂ ಒಂದೇ ಇದ್ದ, ಅಡ್ಡಹೆಸರಿನ ಮೊದಲಕ್ಷರವೂ ಒಂದೇ ಆದ ಇಬ್ಬರು ಹೆಣ್ಣುಮಕ್ಕಳ ಖಾತೆ ನಮ್ಮಲ್ಲಿತ್ತು. 1989ರಲ್ಲಿ ಒಬ್ಬಾಕೆಯ ಪಿಂಚಣಿಯನ್ನು ನಾನು ಇನ್ನೊಬ್ಬಾಕೆಯ ಖಾತೆಗೆ ಏರಿಸಿಬಿಟ್ಟೆ. ಪರದೆಯ ಮೇಲೆ ಹೆಸರು ಸರಿಯಾಗಿಯೇ ಕಂಡಿತ್ತು. ಖಾತೆಯ ನಂಬರನ್ನು ವೋಚರಿನೊಂದಿಗೆ ತಾಳೆ ನೋಡದೆ ಇದ್ದದ್ದು ನನ್ನ ತಪ್ಪು.

ಆ ಮುದುಕಿ ಮೊಮ್ಮಗನನ್ನು ಕರೆದುಕೊಂಡು ಬಂದಳು. ಮೂರು ವಾರದಿಂದ ರೊಕ್ಕ ಇಲ್ಲ. ಹುಡುಗ ಪಾಸ್‌ಬುಕ್ಕಿನ ಮೇಲಿನ ಹೆಸರನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದಾಗ ಆಕೆ ನನ್ನ ಮುಖ ನೋಡಿದಳು.

'ಸಾಹೇಬ್ರ, ನನ್ನ ಮನೀ ಹೆಸರು ಎಲ್ಲಿ ಹೋತ್ರಿ?'

'ಮಿಷನ್ನಿನ್ಯಾಗ ಜಾಗ ಸಾಲಂಗಿಲ್ಲವ್ವ' ಎಂದೆ.

'ಸಾಲಂಗಿಲ್ಲಂದ್ರ ಜಾಗ ಅಗಲ ಮಾಡ್ರಿ. ನನ್ನ ಹೆಸರ್ಯಾಕ ಕತ್ತರಸ್ತೀರಿ?'

ನನ್ನಲ್ಲಿ ಉತ್ತರ ಇರಲಿಲ್ಲ. ದಾಖಲೆಯ ಖೋಲಿಗೆ ಹೋಗಿ ಹಳೆಯ ಲೆಡ್ಜರು ತೆಗೆದೆ. ನಾನೇ ಮಸಿಯಲ್ಲಿ ಬರೆದ ಅಕ್ಷರ. ಇಬ್ಬರ ಹೆಸರೂ ಪೂರ್ತಿ ಇತ್ತು. ಲೆಕ್ಕ ತಿಳಿಯಿತು. ಇನ್ನೊಬ್ಬಾಕೆ ಬಡವಿ, ರೊಕ್ಕ ತೆಗೆದು ಖರ್ಚು ಮಾಡಿದ್ದಳು. ಆದರೂ ಸಂತೆಯ ದಿನ ಬಂದು, ಒಂದು ಕುರಿ ಮಾರಿ ತಂದದ್ದೆಂದು ಹೇಳಿ, ಎಣಿಸಿ ಇಟ್ಟು ಹೋದಳು. ನನ್ನ ತಪ್ಪಿಗೆ ಆಕೆಯ ಕುರಿ ಹೋಯಿತು. ಅದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಆ ಮುದುಕಿಯ ಮಾತಿನಿಂದ ನನಗೆ ಇನ್ನೊಂದು ವಿಚಾರ ಬಂತು. ಅದೇ ಹೆಸರನ್ನು ಕನ್ನಡದಲ್ಲಿ ಬರೆದರೆ ಎಷ್ಟಾಗುತ್ತಿತ್ತು? ಮಹಾದೇವಿ ಶಿವಲಿಂಗಪ್ಪ: ನಾಲ್ಕು ಮತ್ತು ಐದು, ಒಂಬತ್ತೇ ಅಕ್ಷರ. ಭಾರತೀಯ ಲಿಪಿಗಳಿಗೆಂದು ಮಾಡಿದ, 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಎಂಬ ಸಂಕೇತದಲ್ಲಿ ವ್ಯಂಜನಕ್ಕೊಂದು, ಗುಣಿತಕ್ಕೊಂದು, ಒತ್ತಿನ ಕೊಂಡಿಗೊಂದು ಬೈಟು ಹಿಡಿದರೂ ತೆರಪು ಸೇರಿ 18 ಬೈಟು. ಇಂಗ್ಲಿಷಿಗಿಂತ ನಾಲ್ಕು ಕಡಿಮೆ! ಎಂದರೆ ನಮ್ಮ ಅಕ್ಷರ ಹೆಚ್ಚು ಜಾಗ ತಿನ್ನುತ್ತದೆ ಎನ್ನುವುದು ಸುಳ್ಳು. ತೊಂದರೆ ಇದ್ದದ್ದು ತೋರಿಸುವುದರಲ್ಲಿ. ಆ ಪರದೆ 80 ಅಡ್ಡ, 25 ಸಾಲು, ಒಟ್ಟು 2000 ಮನೆ. ಅಕ್ಷರಕ್ಕೊಂದು ಬೈಟು, ಬಣ್ಣಕ್ಕೊಂದು ಬೈಟು, 4000 ಬೈಟಿನಲ್ಲಿ ಪರದೆ ಮುಗಿಯಿತು. ಚಿಪ್ಪಿನಲ್ಲಿ ಕೆತ್ತಿಟ್ಟ ಆಕಾರಗಳು 256 ಮಾತ್ರ. ಬಣ್ಣದ ಕಾರ್ಡಿನಲ್ಲಿ ಒಂದು ಅಕ್ಷರಕ್ಕೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಅದರಲ್ಲಿ 'ಲಕ್ಷ್ಮಿ'ಯ ಎರಡು ಒತ್ತನ್ನು ಎಲ್ಲಿ ಇಳಿಸುತ್ತೀರಿ?

ಇದಕ್ಕೆ ನಮ್ಮವರೇ ಪರಿಹಾರ ಹುಡುಕಿದರು. ಕಾನಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡು ಎಂಬುದನ್ನು ಯಂತ್ರಕ್ಕೆ ಚುಚ್ಚಿದರೆ, ಅದೇ ಡಾಸಿನಲ್ಲಿ ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳ ಎಲ್ಲವೂ ಪರದೆಗೆ ಬಂದವು. ಅಕ್ಷರದ ಆಕಾರದ ಭಾರವನ್ನು ಕಾರ್ಡೇ ಹೊರುತ್ತಿದ್ದರಿಂದ 640ರ ಮನೆಗೆ ಹೊರೆ ಬೀಳಲಿಲ್ಲ. ನಮ್ಮ ಶಾಖೆಗೆ ಅದು ಬರಲಿಲ್ಲ ಅನ್ನುವುದು ಬೇರೆ ಮಾತು.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1990ರ ವಿಂಡೋಸ್ 3.0 ದೊಡ್ಡ ನೆನಪಿನ ಬಾಗಿಲು ತೆರೆಯಿತು. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಂದ ಮೇಲೆ ಸಾಮಾನ್ಯರು 640ರ ಹೆಸರನ್ನು ಮರೆಯತೊಡಗಿದರು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಮನೆಗಳ ಯಂತ್ರದಿಂದಲೂ ಡಾಸಿನ ಅಡಿಪಾಯ ಹೋಯಿತು. ಅಷ್ಟರಲ್ಲಿ 4 ಜಿಬಿಯೇ ಹೊಸ ಗೋಡೆಯಾಗಿ ಎದುರು ನಿಂತಿತ್ತು. ಅದನ್ನು ದಾಟಲು 2003ರಿಂದ ಪಿಸಿಗಳ ಜಾತಿಯ ಚಿಪ್ಪುಗಳೂ 64ರ ಅಳತೆಗೆ ಬೆಳೆದವು. ಒಮ್ಮೆ ಊರಿನಷ್ಟು ದೊಡ್ಡದೆನಿಸಿದ್ದು ಇಪ್ಪತ್ತು ವರ್ಷದೊಳಗೆ ಇಕ್ಕಟ್ಟಾಯಿತು. ಈಗ ನಿಮ್ಮ ಕೈಯ ಮೊಬೈಲಿನಲ್ಲಿ 4 ಜಿಬಿ ನೆನಪಿದ್ದರೆ, ಅದು ಆ ಹತ್ತು ಅಂಕಣದ ಆರೂವರೆ ಸಾವಿರ ಪಟ್ಟು. ಯೂನಿಕೋಡಿನಲ್ಲಿ ಬರೆದ ಆ ಮುದುಕಿಯ ಎರಡು ಹೆಸರು ಸಾಮಾನ್ಯವಾಗಿ 52 ಬೈಟು ಹಿಡಿಯುತ್ತವೆ. ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆದರೂ ಬಂಧುಗಳೇ, ಇಂದಿಗೂ ಎಷ್ಟೋ ಅರ್ಜಿಗಳಲ್ಲಿ ಹೆಸರಿಗೆ ಇಷ್ಟೇ ಮನೆ ಎಂದು ಗೆರೆ ಹಾಕಿರುತ್ತಾರೆ. ಆಧಾರ್ ಕಾರ್ಡಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಎಂದು ಹೆಸರು ತಾಳೆಯಾಗದೆ ಎರಡು ಭಾಷೆಯ ನಡುವೆ ಬದುಕುವ ನಾವು ಕಚೇರಿಯಿಂದ ಕಚೇರಿಗೆ ಅಲೆಯುತ್ತೇವೆ. ಈಗ ಯಂತ್ರದಲ್ಲಿ ಜಾಗ ಇಲ್ಲ ಎಂಬ ನೆಪ ಉಳಿದಿಲ್ಲ. ನಿಮ್ಮ ಮಕ್ಕಳು ಮೊಮ್ಮಕ್ಕಳು ಎಲ್ಲೋ ಕೂತು ಇಂಥ ಪ್ರೋಗ್ರಾಮು ಬರೆಯುತ್ತಿರಬಹುದು. ಅವರು ರಜೆಗೆ ಊರಿಗೆ ಬಂದಾಗ ಈ ಮುದುಕಿಯ ಮಾತು ಹೇಳಿ. ಹೆಸರಿನ ಮನೆಗೆ ನಾಲ್ಕು ಅಂಕಣ ಹೆಚ್ಚು ಹಾಕಲಿ.

ನೀವೂ ಒಂದು ಕೆಲಸ ಮಾಡಿ. ಇವತ್ತೇ ನಿಮ್ಮ ಪಾಸ್‌ಬುಕ್ಕು ತೆಗೆದು ನಿಮ್ಮ ಹೆಸರು ಪೂರ್ತಿ ಇದೆಯೇ ನೋಡಿ. ಇಲ್ಲದಿದ್ದರೆ ಕೌಂಟರಿನಲ್ಲಿರುವವರನ್ನು ಕೇಳಿ. ನನ್ನಂಥ ಒಬ್ಬ ಕಾರಕೂನ ಅಲ್ಲಿ ಇರುತ್ತಾನೆ. ನೀವು ಕೇಳಿದರೆ ಅವನು ಹಳೆಯ ದಾಖಲೆ ತೆಗೆದಾನು.